ಗುಡ್ಡಮ್ಮ ಅತ್ತದ್ದು, ಸುರೇಂದ್ರ ಹಾಡಿದ್ದು

ಸುರೇಂದ್ರನಿಗೆ ಐವತ್ತೈದು ತುಂಬಿತಂತೆ. ಅದಕ್ಕೆ ಒಂದು ಅಭಿನಂದನಾ ಗ್ರಂಥ ತರುತ್ತಾರಂತೆ. ಸಮಿತಿಯ ಅಧ್ಯಕ್ಷರಾದ ಪರಮಶಿವಪ್ಪ ಮೇಷ್ಟ್ರು ಶಿಕಾರಿಪುರದ ನನ್ನ ಮೈಕ್ ಅಂಗಡಿಗೆ ಬಂದು, ಹಳೆಯ ಸ್ಪೀಕರ್ ಡಬ್ಬದ ಮೇಲೆ ಕೂತು, "ಕಲೀಂ, ನೀವು ಅವರ ಜೊತೆ ಇಪ್ಪತ್ತೇಳು ವರ್ಷ ಕೀಬೋರ್ಡ್ ಬಾರ್ಸಿದೋರು. ಎರಡು ಪುಟ ಬರ್ಕೊಡ್ರಿ. ಆ ಹಾಡು ಹೆಂಗ ಹುಟ್ಟಿತು ಅನ್ನೋದು ಇರ್ಲಿ, ಜನಕ್ಕ ಅದ ಬೇಕು" ಎಂದರು. ಚಹಾ ತರಿಸಿಕೊಟ್ಟೆ. ಬರೆಯುತ್ತೇನೆ ಎಂದು ಒಪ್ಪಿಕೊಂಡೆ. ಎರಡು ಪುಟಕ್ಕೆ ಇದು ಮುಗಿಯುವುದಿಲ್ಲ, ಮೇಷ್ಟ್ರು ಇದನ್ನು ಅಚ್ಚು ಹಾಕಿಸುವುದೂ ಇಲ್ಲ. ಆದರೂ ಬರೆಯುತ್ತಿದ್ದೇನೆ.

'ಆ ಹಾಡು' ಎಂದರೆ ಯಾವುದು ಎಂದು ಸೊರಬ, ಶಿಕಾರಿಪುರ ಎರಡೂ ತಾಲ್ಲೂಕಿನಲ್ಲಿ ಯಾರೂ ಕೇಳುವುದಿಲ್ಲ. ಮದುವೆ ಮುಗಿದು ಹೆಣ್ಣನ್ನು ಗಂಡಿನ ಕಡೆಯವರಿಗೆ ಒಪ್ಪಿಸುವಾಗ ಕಲ್ಯಾಣ ಮಂಟಪದ ಬಾಗಿಲಲ್ಲಿ ಆ ಹಾಡು ಹಾಕದಿದ್ದರೆ ಬೀಗರು ಮುಖ ಊದಿಸಿಕೊಳ್ಳುತ್ತಾರೆ.

ಹಸಿರು ಸೀರೆ ಉಡಿಸೀನಿ, ಉಡಿಯ ತುಂಬಿ ಕಳಿಸೀನಿ,
ಹೊಸಿಲ ನೀರು ಆರೋದ್ರೊಳಗೆ ಊರು ದಾಟೆ ಮಗಳೆ,
ತಿರುಗಿ ನೋಡೆ ಒಮ್ಮೆ.

ಈ ಕೊನೆಯ ಸಾಲು ಬಂದಾಗ ಮದುಮಗಳು ತಿರುಗಿ ತವರಿನವರನ್ನು ನೋಡಬೇಕು. ಹಾಗೆಂದು ಯಾವ ಪುರೋಹಿತರೂ ಹೇಳಿದ್ದಲ್ಲ. ಹಾಡಿನಿಂದಲೇ ಹುಟ್ಟಿದ ಪದ್ಧತಿ ಅದು. ವಿಡಿಯೋದವರು ಎರಡು ಕ್ಯಾಮೆರಾ ಇಟ್ಟು ಅದನ್ನು ಹಿಡಿಯುತ್ತಾರೆ. ಹುಡುಗಿ ಸರಿಯಾಗಿ ತಿರುಗದಿದ್ದರೆ ಹಾಡನ್ನು ಮತ್ತೆ ಮೊದಲಿನಿಂದ ಹಾಕು ಎಂದು ನನಗೆ ಕೈಸನ್ನೆ ಮಾಡುತ್ತಾರೆ. ಹದಿನೆಂಟು ವರ್ಷದಿಂದ ಎಷ್ಟು ಹೆಣ್ಣುಮಕ್ಕಳು ತಿರುಗಿ ನೋಡಿದ್ದಾರೋ ಲೆಕ್ಕವಿಟ್ಟವರಿಲ್ಲ.

ಸುರೇಂದ್ರ ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯವನು. ಪಿಯುಸಿಗೆ ಮಣ್ಣು ಹಾಕಿ ಆರ್ಕೆಸ್ಟ್ರಾ ಸೇರಿದ. ನಮ್ಮಪ್ಪ ಮಸ್ತಾನ್ ಸಾಬ್ ಇನ್ನೂ ಅಂಗಡಿ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ ಇವನು ಒಂದು ಚೀಲ ಹೆಗಲಿಗೆ ಹಾಕಿಕೊಂಡು ಬಂದು, "ಒಂದು ಮೈಕ್ ಕೊಡ್ರಿ, ಹಾಡಿ ತೋರಿಸ್ತೀನಿ" ಎಂದ. ಹಾಡಿದ. ಒಬ್ಬ ಸಿನಿಮಾ ಗಾಯಕರ ಗಂಟಲಲ್ಲಿ ಒಂದು, ಇನ್ನೊಬ್ಬರ ಗಂಟಲಲ್ಲಿ ಇನ್ನೊಂದು. ಕಣ್ಣು ಮುಚ್ಚಿದರೆ ಕ್ಯಾಸೆಟ್ಟೇ. ಐದು ಜನರ ಗಂಟಲು ಅವನ ಹತ್ತಿರ ಇದ್ದವು. ಅಪ್ಪ ಕೇಳಿ ಮುಗಿಸಿ, "ನಿನ್ನ ಗಂಟಲು ಎಲ್ಲಪ್ಪ?" ಎಂದ. ಸುರೇಂದ್ರ ನಕ್ಕ. ಆದರೆ ಅವನಿಗೆ ಅರ್ಥವಾಗಿತ್ತು.

ಗಣಪತಿ ಇಟ್ಟಲ್ಲಿ, ರಿಸೆಪ್ಷನ್ ಆದಲ್ಲಿ, ಕ್ರಿಕೆಟ್ ಟೂರ್ನಮೆಂಟಿನ ಬಹುಮಾನ ಕೊಡುವಲ್ಲಿ ನಾವಿಬ್ಬರೂ ಹೋದೆವು. ಜನ ಕುಣಿದರು, ಶಿಳ್ಳೆ ಹೊಡೆದರು. ಮನೆಗೆ ಹೋಗುವಾಗ ಯಾರ ಬಾಯಲ್ಲೂ ಸುರೇಂದ್ರನ ಹೆಸರು ಇರುತ್ತಿರಲಿಲ್ಲ. ಸಿನಿಮಾದವರ ಹೆಸರು ಇರುತ್ತಿತ್ತು. ಇದು ಅವನನ್ನು ಒಳಗೊಳಗೇ ತಿಂದಿತು. ತನ್ನದೇ ಎಂದು ಒಂದು ಹಾಡು ಬೇಕು ಎಂಬ ಹುಚ್ಚು ಹತ್ತಿತು. ತಾನೇ ಬರೆದ. ಎಂಟು ಹಾಡು ಬರೆದ. ಎಲ್ಲದರಲ್ಲೂ ಚಂದಿರ ಇದ್ದ, ಕಾವೇರಿ ಇದ್ದಳು. ಕಾವೇರಿಯನ್ನು ಅವನು ಆಗಿನ್ನೂ ನೋಡಿಯೇ ಇರಲಿಲ್ಲ. ಆ ಹಾಡುಗಳನ್ನು ವೇದಿಕೆಯಲ್ಲಿ ಹಾಡಿದಾಗ ಜನ ಎದ್ದು ಮೂತ್ರಕ್ಕೆ ಹೋದರು.

ಈಗ ನನ್ನ ಪಾಲಿನದನ್ನು ಹೇಳುತ್ತೇನೆ. ಅದನ್ನು ಹೇಳದೆ ಸುರೇಂದ್ರನನ್ನು ಬೈಯುವುದು ಸುಲಭ.

ನಮ್ಮಪ್ಪ ಅಂಗಡಿಯನ್ನು ನನ್ನ ಕೈಗೆ ಕೊಡುವಾಗ ಒಂದೇ ಒಂದು ಮಾತು ಹೇಳಿದ್ದ. ಮೈಕ್ ಹಾಕುವವನು ಮದುವೆಮನೆಗೂ ಹೋಗುತ್ತಾನೆ, ಸಾವಿನ ಮನೆಗೂ ಹೋಗುತ್ತಾನೆ, ಎಲ್ಲರ ಮಾತೂ ಅವನ ಕಿವಿಗೆ ಬೀಳುತ್ತದೆ. ವೈರು ಸುತ್ತಿಕೊಂಡು ಬರುವಾಗ ಆ ಮನೆಯ ಮಾತನ್ನು ಆ ಮನೆಯಲ್ಲೇ ಬಿಟ್ಟು ಬರಬೇಕು. ಅಪ್ಪ ನಲವತ್ತು ವರ್ಷ ಹಾಗೆಯೇ ಮಾಡಿದ. ನಾನು ಅಂಗಡಿಗೆ ಕೂತ ಎರಡನೇ ವರ್ಷಕ್ಕೇ ತಪ್ಪಿದೆ.

ಎರಡು ಸಾವಿರದ ಐದು. ಸೊರಬದ ಹತ್ತಿರ ಹೊಸಬಾಳೆಯಲ್ಲಿ ಗುಡ್ಡಮ್ಮ ಎಂಬವರ ಮಗಳ ತಿಥಿ. ಮಗಳ ಹೆಸರು ದಿವ್ಯ, ಇಪ್ಪತ್ತೆರಡು ವರ್ಷ. ಈಸೂರಿಗೆ ಕೊಟ್ಟಿದ್ದರು, ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದವಳು ಹೆರಿಗೆಯಾದ ಮೂರನೇ ದಿನ ಹೋಗಿಬಿಟ್ಟಳು. ಕೂಸು ಉಳಿಯಿತು. ಗಂಡ ಗಿರೀಶ ತಲೆ ಬೋಳಿಸಿಕೊಂಡು ಒಂದು ಮೂಲೆಯಲ್ಲಿ ಕೂತಿದ್ದ. ತಿಥಿಗೆ ಭಜನೆಯವರನ್ನು ಕರೆಸಿದ್ದರು, ಭಜನೆಗೆ ನಮ್ಮ ಮೈಕು. ಭಜನೆಯನ್ನು ಕ್ಯಾಸೆಟ್ಟಿಗೆ ಹಿಡಿದುಕೊಡಿ ಎಂದು ಮನೆಯವರು ಕೇಳಿದ್ದರಿಂದ ಟೇಪ್ ರೆಕಾರ್ಡರ್ ಕೂಡ ಇಟ್ಟಿದ್ದೆ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದರು. ನಾನು ಟೇಪ್ ನಿಲ್ಲಿಸುವುದನ್ನು ಮರೆತು ಬೇಲಿಯಾಚೆ ಬೀಡಿ ಸೇದಲು ಹೋದೆ.

ಖಾಲಿಯಾದ ಚಪ್ಪರದೊಳಗೆ ಮಗಳಿಗೆ ಎಡೆ ಇಟ್ಟ ಬಾಳೆಯೆಲೆಯ ಮುಂದೆ ಗುಡ್ಡಮ್ಮ ಒಬ್ಬರೇ ಬಂದು ಕೂತರು. ನಮ್ಮ ಕಡೆ ಹೆಂಗಸರು ಸುಮ್ಮನೆ ಅಳುವುದಿಲ್ಲ, ಹೇಳಿಕೊಂಡು ಅಳುತ್ತಾರೆ, ಹೇಳುತ್ತಾ ಹೇಳುತ್ತಾ ಅದಕ್ಕೆ ಒಂದು ಧಾಟಿ ಬರುತ್ತದೆ. ಗಂಡ ಇರುವಾಗಲೇ ತೀರಿಕೊಂಡವಳನ್ನು ಮುತ್ತೈದೆಯಾಗಿ ಕಳಿಸುತ್ತಾರೆ. ಹಸಿರು ಸೀರೆ ಉಡಿಸಿ, ಕೈತುಂಬ ಬಳೆ ಇಟ್ಟು, ಕುಂಕುಮ ಹಚ್ಚಿ, ಉಡಿ ತುಂಬಿ. ಹೆಣ ಹೊಸಿಲು ದಾಟಿದ ಮೇಲೆ ಹೊಸಿಲಿಗೆ ನೀರು ಹೊಯ್ಯುತ್ತಾರೆ. ಗುಡ್ಡಮ್ಮ ಅಂದು ಮಾಡಿದ್ದನ್ನೆಲ್ಲ ಒಂದೊಂದಾಗಿ ಮಗಳಿಗೆ ಹೇಳುತ್ತಾ ಅತ್ತರು. ನಾನು ವಾಪಸು ಬರುವ ಹೊತ್ತಿಗೆ ಅವರು ಮೂರನೆಯ ನುಡಿಯಲ್ಲಿದ್ದರು.

ತೊಟ್ಟಿಲಾಗಿನ ಕೂಸು ಅತ್ರೆ ನಾನು ಎತ್ತಿಕೊಂತೀನಿ,
ನಿನ್ನ ಎದೆಹಾಲು ಕೇಳಿದ್ರೆ ಹಸುವಿನ ಹಾಲು ಕುಡಿಸ್ತೀನಿ,
ಕೂಸಿನ ಕಡೆ ತಿರುಗಬ್ಯಾಡ, ನಡಿಯೆ ನನ್ನ ಮಗಳೆ,
ತಿರುಗಿ ನೋಡಬ್ಯಾಡ.

ಪ್ರತಿ ನುಡಿಯ ಕೊನೆಗೂ ಅದೇ ಸಾಲು: ತಿರುಗಿ ನೋಡಬ್ಯಾಡ. ಬಾಣಂತಿಯಾಗಿ ಸತ್ತವಳ ಜೀವ ಕೂಸಿನ ಮೇಲೇ ಇರುತ್ತದೆ, ಹೋಗುವಾಗ ತಿರುಗಿ ನೋಡಿದರೆ ಕೂಸನ್ನೂ ಕರೆದುಕೊಂಡು ಹೋಗುತ್ತಾಳೆ ಎಂದು ಆ ಕಡೆ ನಂಬುತ್ತಾರೆ. ಗುಡ್ಡಮ್ಮ ಮಗಳನ್ನು ಕಳೆದುಕೊಂಡ ಸಂಕಟದಲ್ಲೂ ಮೊಮ್ಮಗಳನ್ನು ಉಳಿಸಿಕೊಳ್ಳಲು ಮಗಳ ಬೆನ್ನು ನೂಕುತ್ತಿದ್ದರು. ಹೆತ್ತವಳು ಹೆತ್ತವಳನ್ನು ಬೇಗ ಹೋಗು ಎನ್ನುತ್ತಿದ್ದಳು. ನನಗೆ ಆಗ ಇಷ್ಟೆಲ್ಲ ಹೊಳೆಯಲಿಲ್ಲ. ಧಾಟಿ ಬಹಳ ಚೆನ್ನಾಗಿದೆ ಅನ್ನಿಸಿತು, ಅಷ್ಟೇ. ಟೇಪ್ ನಿಲ್ಲಿಸಲಿಲ್ಲ.

ಭಜನೆಯ ಕ್ಯಾಸೆಟ್ಟನ್ನು ಬೇರೆ ಮಾಡಿ ಮನೆಯವರಿಗೆ ಕೊಟ್ಟೆ. ಅಳುವಿನದ್ದು ನನ್ನ ಹತ್ತಿರವೇ ಉಳಿಯಿತು.

ಎರಡು ವರ್ಷ ಬಿಟ್ಟು ಸುರೇಂದ್ರ ಸೋಬಾನೆ ಹಾಡುಗಳ ಸಿ.ಡಿ. ಮಾಡುತ್ತೇನೆ ಎಂದು ಹೊರಟ. ಏಳು ಹಾಡು ಸಿಕ್ಕಿದ್ದವು, ಎಂಟನೆಯದು ಬೇಕಿತ್ತು. ಅಂಗಡಿಯಲ್ಲಿ ಕೂತು ಹಳೆಯ ಕ್ಯಾಸೆಟ್ಟುಗಳನ್ನು ಒಂದೊಂದೇ ಹಾಕಿ ಕೇಳುತ್ತಿದ್ದ. ಗುಡ್ಡಮ್ಮನ ಅಳು ಬಂತು. ಅವನ ಕೈಯಲ್ಲಿದ್ದ ಮಂಡಕ್ಕಿ ಪೊಟ್ಟಣ ಹಾಗೆಯೇ ನಿಂತಿತು.

"ಯಾವೂರ ಸೋಬಾನೆ ಇದು?" ಎಂದ.

"ಸೋಬಾನೆ ಅಲ್ಲೋ. ಹೊಸಬಾಳೆ ಗುಡ್ಡಮ್ಮ ಅಂತ, ಮಗಳು ಸತ್ತಾಗ ಅತ್ತಿದ್ದು."

ಅವನು ಮತ್ತೆ ಹಿಂದಕ್ಕೆ ತಿರುಗಿಸಿ ಕೇಳಿದ. ಮೂರು ಸಲ ಕೇಳಿದ. ಆಮೇಲೆ, "ಹಸಿರು ಸೀರೆ ಐತೆ, ಉಡಿ ಐತೆ, ಬಳೆ ಐತೆ. ಕೂಸಿನ ನುಡಿ ತೆಗೆದುಹಾಕಿದ್ರೆ ಹೆಣ್ಣು ಒಪ್ಪಿಸೋ ಹಾಡೇ ಆಗ್ತದೆ. ಯಾರಿಗೆ ಗೊತ್ತಾಗ್ತದೆ?" ಎಂದ.

"ಕಡೀಗೆ ನೋಡಬ್ಯಾಡ ಅಂತದಲ್ಲ."

"ಮದುವೆ ಹಾಡಿನಾಗೆ ಬ್ಯಾಡ ಅನ್ನೋ ಮಾತು ಬರಬಾರದು. ನೋಡೆ ಒಮ್ಮೆ ಅಂತ ಮಾಡಾಣ."

ನಾನು ಬೇಡ ಎನ್ನಬಹುದಿತ್ತು. ಕ್ಯಾಸೆಟ್ಟು ನನ್ನದು, ಅಂಗಡಿ ನನ್ನದು, ಅಪ್ಪನ ಮಾತು ನನ್ನ ತಲೆಯಲ್ಲಿತ್ತು. ನಾನು ಎದ್ದು ಕೀಬೋರ್ಡಿನ ಮೇಲಿನ ಬಟ್ಟೆ ತೆಗೆದೆ. ಧಾಟಿಯನ್ನು ಯಾವ ಶ್ರುತಿಗೆ ಕೂರಿಸಿದರೆ ಚೆನ್ನ ಎಂಬುದೇ ಆವತ್ತು ಸಂಜೆಯವರೆಗೂ ನಮ್ಮ ಚರ್ಚೆ.

ಅವನು ಹಾಡಿದ್ದನ್ನು ಕೇಳಿ ಎಲ್ಲರೂ ಹೊಗಳುವುದು ಒಂದು ಜಾಗವನ್ನು. 'ಮಗಳೆ' ಎನ್ನುವಲ್ಲಿ ಅವನ ಗಂಟಲು ಕಟ್ಟಿ, ಉಸಿರು ಒಂದು ಕ್ಷಣ ನಿಂತು, ಆಮೇಲೆ 'ಳೆ' ಬರುತ್ತದೆ. ಆ ಬಿಕ್ಕಿನಲ್ಲೇ ಹಾಡಿನ ಪ್ರಾಣವಿದೆ ಎಂದು ಒಬ್ಬರು ಪತ್ರಿಕೆಯಲ್ಲಿ ಬರೆದರು. ಆ ಬಿಕ್ಕು ಸುರೇಂದ್ರನದಲ್ಲ. ಗುಡ್ಡಮ್ಮನಿಗೆ ಅಲ್ಲಿ ಉಸಿರು ಸಿಕ್ಕಿಕೊಂಡಿತ್ತು. ಇವನು ಐದು ಜನರ ಗಂಟಲು ಕದ್ದವನು, ಆರನೆಯದನ್ನು ಕದಿಯುವುದು ಕಷ್ಟವಾಗಲಿಲ್ಲ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಅದನ್ನು ಗಂಟಲಿಗೆ ಇಳಿಸಿಕೊಂಡ.

ಸಿ.ಡಿ.ಯ ಏಳು ಹಾಡು ಸತ್ತವು, ಎಂಟನೆಯದು ಓಡಿತು. ಜನ ನನ್ನ ಅಂಗಡಿಗೆ ಬಂದು ಮೊಬೈಲಿನ ಮೆಮೊರಿ ಕಾರ್ಡಿಗೆ ತುಂಬಿಸಿಕೊಂಡು ಹೋದರು. ಆಮೇಲೆ ಯೂಟ್ಯೂಬಿಗೆ ಬಂತು. ಶಾಲೆಯ ಮಕ್ಕಳು ಪ್ರತಿಭಾ ಕಾರಂಜಿಯಲ್ಲಿ ಹಾಡಿದರು. ಎರಡನೆಯ ನುಡಿಯಲ್ಲಿ 'ಹೊತ್ತೋರ ಹೆಗಲು ನೋಯೋದ್ರೊಳಗೆ' ಎಂದು ಒಂದು ಸಾಲಿದೆ. ಚಟ್ಟ ಹೊತ್ತವರ ಹೆಗಲು ಅದು. ಒಬ್ಬ ಸಂಶೋಧಕರು ಬಂದು ಅದನ್ನು ಕೇಳಿ, ಮದುಮಗಳನ್ನು ಪಲ್ಲಕ್ಕಿಯಲ್ಲಿ ಹೊರುತ್ತಿದ್ದ ಕಾಲದ ಹಾಡು ಇದು, ನೂರೈವತ್ತು ವರ್ಷಕ್ಕೆ ಕಡಿಮೆಯಿಲ್ಲ ಎಂದು ಬರೆದುಕೊಂಡು ಹೋದರು. ಸುರೇಂದ್ರ ಪಕ್ಕದಲ್ಲೇ ಕೂತು ತಲೆಯಾಡಿಸಿದ. ಅಂದಿನಿಂದ ಅದು ಜಾನಪದವಾಯಿತು, ಸಂಗ್ರಹ ಮತ್ತು ಗಾಯನ ಸುರೇಂದ್ರ. ಎಲ್ಲಿ ಸಂಗ್ರಹಿಸಿದಿರಿ ಎಂದು ಯಾರಾದರೂ ಕೇಳಿದರೆ "ನಮ್ಮಜ್ಜಿ ಹಾಡ್ತಿದ್ರು" ಎನ್ನುತ್ತಿದ್ದ. ಅವನ ಅಜ್ಜಿ ಅವನು ಹುಟ್ಟುವ ಮೊದಲೇ ಹೋಗಿದ್ದರು.

ಅವನಿಗೆ ಇದರಿಂದ ಸುಖ ಸಿಕ್ಕಿತೇ ಎಂದರೆ ಅದೂ ಇಲ್ಲ. ಹೋದಲ್ಲೆಲ್ಲ ಅದೊಂದನ್ನೇ ಹಾಡು ಎನ್ನುತ್ತಾರೆ. ಬೇರೆಯದನ್ನು ಶುರು ಮಾಡಿದರೆ ಕೆಳಗಿನಿಂದ "ಹಸಿರು ಸೀರೆ, ಹಸಿರು ಸೀರೆ" ಎಂದು ಕೂಗುತ್ತಾರೆ. ಕಾರಿನಲ್ಲಿ ಬರುವಾಗ ಒಮ್ಮೆ, "ಕಲೀಂ, ನಾನು ಸತ್ತ ಮೇಲೂ ಆ ಮುದುಕಿ ಧ್ವನೀಲೇ ಇರ್ತೀನಲ್ಲೋ" ಎಂದ. ನನಗೆ ಅವನ ಮೇಲೆ ಕನಿಕರ ಬರಲಿಲ್ಲ. ಈಗಲೂ ಬರುವುದಿಲ್ಲ.

ಮೂರು ವರ್ಷದ ಹಿಂದೆ ಅವನ ಮಗಳ ಮದುವೆಯಾಯಿತು. ಜಿಲ್ಲೆಯ ಕಲಾವಿದರೆಲ್ಲ ಬಂದಿದ್ದರು. ಹೆಣ್ಣು ಒಪ್ಪಿಸುವಾಗ ಎಲ್ಲರೂ ಅವನ ಮುಖ ನೋಡಿದರು. ಅವನು ಓಲಗದವರಿಗೆ ಜೋರಾಗಿ ಬಾರಿಸಿ ಎಂದ. ಹಾಡಲಿಲ್ಲ, ಹಾಡಲು ಯಾರಿಗೂ ಬಿಡಲಿಲ್ಲ. ಅಪ್ಪನಿಗೆ ದುಃಖ ತಡೆಯಲಾಗಲಿಲ್ಲ ಎಂದು ಜನ ಕಣ್ಣೊರೆಸಿಕೊಂಡರು. ನಾನು ಮಾತ್ರ ಅವನನ್ನು ನೋಡಿ ಉಗಿಯಬೇಕು ಅಂದುಕೊಂಡೆ. ಊರವರ ಹೆಣ್ಣುಮಕ್ಕಳಿಗೆಲ್ಲ ಹೆಣದ ಹಾಡು ಹಾಡಿದವನು ತನ್ನ ಮಗಳನ್ನು ಮಾತ್ರ ಕಾಪಾಡಿಕೊಂಡ.

ಗುಡ್ಡಮ್ಮನಿಗೆ ಇದೆಲ್ಲ ತಿಳಿದಿಲ್ಲ ಎಂದೇ ನಾವಿಬ್ಬರೂ ನಂಬಿದ್ದೆವು. ಹೊಸಬಾಳೆಯಲ್ಲಿ ಗದ್ದೆ ಕೆಲಸ ಮಾಡಿಕೊಂಡಿರುವ ಹೆಂಗಸು, ಅವತ್ತು ಅತ್ತದ್ದು ಅವರಿಗೇ ನೆನಪಿರಲಿಕ್ಕಿಲ್ಲ ಎಂದುಕೊಂಡಿದ್ದೆವು. ಈ ವರ್ಷದ ಏಪ್ರಿಲ್‌ನಲ್ಲಿ ಅವರು ನನ್ನ ಅಂಗಡಿಯ ಮೆಟ್ಟಿಲು ಹತ್ತಿ ಬಂದರು. ಸುರೇಂದ್ರನೂ ಅಲ್ಲಿದ್ದ. ಇಪ್ಪತ್ತು ವರ್ಷದಲ್ಲಿ ಮುಖ ಒಣಗಿತ್ತು, ಆದರೆ ನಾನು ಗುರುತು ಹಿಡಿದೆ. ಸುರೇಂದ್ರನಿಗೆ ಗುರುತು ಸಿಗಲಿಲ್ಲ. ಅವನು ಅವರನ್ನು ಕಂಡಿದ್ದೇ ಇಲ್ಲ, ಧ್ವನಿ ಮಾತ್ರ ಗೊತ್ತಿತ್ತು. ಅವರು ಬಾಯಿ ತೆರೆದ ಕೂಡಲೇ ಅವನು ಕುರ್ಚಿಯಿಂದ ಎದ್ದು ನಿಂತ.

"ನಾನು ಹೊಸಬಾಳೆ ಗುಡ್ಡಮ್ಮ. ನನ್ನ ಮೊಮ್ಮಗಳು ಸ್ಪಂದನಂದು ಮದುವೆ. ಅವಳಪ್ಪ ಗಿರೀಶ ನಿಮಗೇ ಹೇಳ್ಯಾನಂತೆ, ಮೈಕು, ಹಾಡು ಎಲ್ಲ."

ಹೌದು, ಈಸೂರಿನ ಗಿರೀಶ ಎಂಬವರು ಫೋನು ಮಾಡಿದ್ದರು. ಯಾವ ಗಿರೀಶ ಎಂದು ನಾನು ಯೋಚಿಸಿರಲಿಲ್ಲ. ದಿವ್ಯ ಸತ್ತ ಮೇಲೆ ಅವನು ಇನ್ನೊಂದು ಮದುವೆಯಾಗಿದ್ದ, ಕೂಸನ್ನು ಗುಡ್ಡಮ್ಮ ಹೊಸಬಾಳೆಯಲ್ಲೇ ಸಾಕಿದ್ದರು. ತೊಟ್ಟಿಲಾಗಿನ ಕೂಸಿಗೆ ಈಗ ಇಪ್ಪತ್ತು.

"ಬೇರೆ ಎಲ್ಲಾ ಹಾಡಿ. ಅದೊಂದು ಬ್ಯಾಡ," ಎಂದರು ಗುಡ್ಡಮ್ಮ.

ಸುರೇಂದ್ರ ತನ್ನ ಕುರ್ಚಿಯನ್ನು ಅವರ ಕಡೆ ಸರಿಸಿದ. ನಾನೇ, "ನಿಮಗೆ ಯಾವಾಗ ಗೊತ್ತಾತಮ್ಮ?" ಎಂದು ಕೇಳಿದೆ.

"ಮೊದಲ ವರ್ಷನೇ ಗೊತ್ತಾತು. ಪಕ್ಕದ ಮನೆ ಹುಡುಗಿ ಮದುವೇಲಿ ಹಾಕಿದ್ರು. ನಾನು ಅನ್ನ ಬಡಿಸ್ತಾ ಇದ್ದೆ. ಕೈಯಾಗಿನ ಹುಟ್ಟು ಅಲ್ಲೇ ಬಿಟ್ಟು ಹಿತ್ಲಿಗೆ ಹೋಗಿ ಕಾರಿಕೊಂಡೆ."

"ಮತ್ತೆ ಯಾಕ ಬಂದು ಕೇಳ್ಲಿಲ್ಲ?"

"ಕೇಳಿ ಏನು ಮಾಡ್ಲಪ್ಪ? ಇದು ಸತ್ತವಳ ಹಾಡು ಅಂದ್ರೆ ಹಾಡಿಸಿಕೊಂಡೋರೆಲ್ಲ ಎದೆ ಬಡ್ಕಂತಾರೆ. ಯಾವಳಿಗೋ ಮಕ್ಕಳಾಗಿಲ್ಲ, ಯಾವಳೋ ಗಂಡನ್ನ ಬಿಟ್ಟು ಬಂದ್ಲು, ಎಲ್ಲಾ ನನ್ನ ದಿವ್ಯನ ಮೇಲೆ ಹಾಕ್ತಾರೆ. ಬಾಣಂತಿ ದೆವ್ವ ಹಾಡಿನಾಗೆ ಬಂದು ಹಿಡೀತು ಅಂತಾರೆ. ಅವಳು ಒಂದು ಇರುವೆ ತುಳಿದೋಳಲ್ಲ. ಎರಡು ತಾಲ್ಲೂಕಿಗೆ ಅವಳನ್ನ ದೆವ್ವ ಮಾಡ್ಲಾ?"

ಇದನ್ನು ಹೇಳುವಾಗ ಅವರು ಅಳಲಿಲ್ಲ. ಸೊಂಟದ ಚೀಲದಿಂದ ಎಲೆಯಡಿಕೆ ತೆಗೆದು, ಹಾಕಿಕೊಳ್ಳದೆ, ಮತ್ತೆ ಒಳಗಿಟ್ಟರು.

"ಸ್ಪಂದನ ಕಾಲೇಜಿನಾಗೆ ಅದನ್ನೇ ಹಾಡಿ ಬಹುಮಾನ ತಗಂಡು ಬಂದ್ಲು. ಗೋಡೆಗೆ ಹಾಕ್ಯಾಳೆ. ನಾನು ದಿನಾ ಅದರ ಕೆಳಗೇ ಮಲಗ್ತೀನಿ. ಅವಳಿಗೂ ಹೇಳಿಲ್ಲ. ಬೇರೆಯೋರ ಮದುವೇಲಿ ಹಾಡಿದ್ರೆ ಹಾಡ್ಕಳ್ಳಿ. ಇವಳಿಗೆ ಬ್ಯಾಡ. ಇವಳನ್ನ ತಿರುಗಿ ನೋಡಬ್ಯಾಡ ಅಂತ್ಲೇ ಅಲ್ಲೇನಪ್ಪ ನಾನು ಅವಳವ್ವನ್ನ ಕಳಿಸಿದ್ದು? ನೀವು ಇವಳ ತಲೆ ಮೇಲೆ ನಿಂತು ತಿರುಗಿ ನೋಡೆ, ತಿರುಗಿ ನೋಡೆ ಅಂದ್ರೆ?"

ಆಮೇಲೆ ಅವರು ಸುರೇಂದ್ರನ ಕಡೆ ತಿರುಗಿ, "ನಿನ್ನ ಮಗಳ ಮದುವೇಲಿ ನೀನೂ ಹಾಡಿಸ್ಲಿಲ್ಲಂತೆ" ಎಂದರು.

ಸುರೇಂದ್ರ ಕೈಮುಗಿದ. "ಇಲ್ಲಮ್ಮ, ಹಾಡಲ್ಲ. ನಿಮ್ಮಾಣೆ," ಎಂದ. ನಾನೂ, ಹಾಡು ಮೈಕಿಗೆ ಬಾರದ ಹಾಗೆ ನೋಡಿಕೊಳ್ಳುತ್ತೇನೆ ಎಂದೆ. ಗುಡ್ಡಮ್ಮ ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮದುವೆಗೆ ಊಟಕ್ಕೆ ನಿಲ್ಲಬೇಕು ಎಂದು ಹೇಳಿ ಬಸ್ಸಿಗೆ ಹೋದರು.

ಮೇ ತಿಂಗಳಲ್ಲಿ ಶಿಕಾರಿಪುರದ ಒಂದು ಕಲ್ಯಾಣ ಮಂಟಪದಲ್ಲಿ ಮದುವೆ. ನಾನು ಹಿಂದಿನ ದಿನವೇ ಪೆನ್‌ಡ್ರೈವಿನಿಂದ ಆ ಹಾಡು ಅಳಿಸಿದ್ದೆ, ಸಹಾಯಕ್ಕೆ ಬರುವವರ ಮೊಬೈಲುಗಳನ್ನೂ ಮೈಕಿಗೆ ಜೋಡಿಸಬಾರದು ಎಂದು ತಾಕೀತು ಮಾಡಿದ್ದೆ. ಸುರೇಂದ್ರ ಸೆಕೆಯಲ್ಲೂ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಬಂದ. ಗಂಟಲು ಹೋಗಿದೆ ಎಂದು ಎಲ್ಲರಿಗೂ ಪಿಸುಮಾತಿನಲ್ಲಿ ಹೇಳಿಕೊಂಡು ತಿರುಗಿದ. ತಾಳಿ ಕಟ್ಟಿದ್ದಾಯಿತು, ಊಟವಾಯಿತು. ಗುಡ್ಡಮ್ಮ ನಮ್ಮ ಎಲೆಗೆ ತಾವೇ ಬಂದು ಹೋಳಿಗೆ ಹಾಕಿಸಿದರು. ನಾನು ತಿಂದೆ. ನೆಮ್ಮದಿಯಾಗಿತ್ತು ಕೂಡ. ಒಂದು ಸಲವಾದರೂ ಸರಿಯಾದದ್ದು ಮಾಡುತ್ತಿದ್ದೇವೆ ಅನ್ನಿಸಿತ್ತು.

ಮೂರು ಗಂಟೆಗೆ ಹೆಣ್ಣು ಒಪ್ಪಿಸುವ ಶಾಸ್ತ್ರ ಮುಗಿದು, ಮದುಮಗಳನ್ನು ಕಾರಿನ ಕಡೆ ಹೊರಡಿಸಲು ಎಲ್ಲರೂ ಬಾಗಿಲಲ್ಲಿ ಸೇರಿದರು. ಹಾಡು ಬರಲಿಲ್ಲ. ಗಂಡಿನ ಕಡೆಯ ಹೆಂಗಸರು ಕತ್ತು ಎತ್ತಿ ನನ್ನ ಮೇಜಿನ ಕಡೆ ನೋಡಿದರು. ವಿಡಿಯೋದವನು ಕೈ ಅಲ್ಲಾಡಿಸಿದ. ನಾನು ಯಂತ್ರ ಕೆಟ್ಟಿದೆ ಎಂದು ಸನ್ನೆ ಮಾಡಿದೆ. ಆಗ ಸ್ಪಂದನಳೇ ಸುರೇಂದ್ರನ ಹತ್ತಿರ ಬಂದಳು.

"ಮಾಮ, ಎರಡೇ ಸಾಲು."

ಅವನು ಗಂಟಲು ತೋರಿಸಿದ.

"ಹೋಗ್ಲಿ ಬಿಡಿ, ಎಲ್ರಿಗೂ ಬರ್ತದಲ್ಲ," ಎಂದು ನಕ್ಕು, ಅವಳು ಗೆಳತಿಯರ ಕಡೆ ನೋಡಿದಳು. ಒಬ್ಬಳು ಶುರು ಮಾಡಿದಳು. ಇನ್ನೊಬ್ಬಳು ಸೇರಿದಳು. ನೋಡುನೋಡುತ್ತಿದ್ದ ಹಾಗೆ ಬಾಗಿಲಲ್ಲಿದ್ದ ಇನ್ನೂರು ಹೆಂಗಸರೂ ಹಾಡತೊಡಗಿದರು. ನಾನು ಮೈಕಿನ ವೈರನ್ನೇ ಕಿತ್ತಿದ್ದರೂ ಏನೂ ಆಗುತ್ತಿರಲಿಲ್ಲ. ಅವರಿಗೆ ಮೈಕು ಬೇಕಾಗಿಯೇ ಇರಲಿಲ್ಲ. 'ಮಗಳೆ' ಎನ್ನುವಲ್ಲಿ ಇನ್ನೂರು ಹೆಂಗಸರೂ ಒಟ್ಟಿಗೆ ಬಿಕ್ಕಿದರು. ಇಪ್ಪತ್ತು ವರ್ಷದ ಹಿಂದೆ ಆ ಚಪ್ಪರದಲ್ಲಿ ಗುಡ್ಡಮ್ಮನಿಗೆ ಉಸಿರು ಕಟ್ಟಿದ ಜಾಗದಲ್ಲೇ, ಅಷ್ಟೇ ಹೊತ್ತು, ಎಲ್ಲರೂ ಉಸಿರು ನಿಲ್ಲಿಸಿದರು. ಗುಡ್ಡಮ್ಮ ಬಾಗಿಲ ಚೌಕಟ್ಟಿಗೆ ಕೈ ಕೊಟ್ಟು ನಿಂತಿದ್ದರು.

ಇಷ್ಟಕ್ಕೇ ಮುಗಿದಿದ್ದರೆ ತಪ್ಪು ಜನರದು ಎಂದುಕೊಂಡು ನಾನು ನಿದ್ದೆ ಮಾಡಬಹುದಿತ್ತು.

ಎರಡನೆಯ ನುಡಿಗೆ ಹೆಂಗಸರ ಶ್ರುತಿ ಜಾರಿತು. ಅರ್ಧ ಜನ ಮೇಲೆ, ಅರ್ಧ ಜನ ಕೆಳಗೆ. ಸುರೇಂದ್ರ ಮುಖ ಕಿವುಚಿದ. ಅವನು ಮಫ್ಲರ್ ಬಿಚ್ಚಿದ. ಮೇಜಿನ ಮೇಲಿದ್ದ ಮೈಕನ್ನು ತೆಗೆದುಕೊಂಡು ಬಾಯಿಗೆ ಹಿಡಿದ. ಇಪ್ಪತ್ತೇಳು ವರ್ಷದಿಂದ ಅವನು ಮೈಕ್ ಬಾಯಿಗೆ ಹಿಡಿದ ಕೂಡಲೇ ನನ್ನ ಬಲಗೈ ಧ್ವನಿಯ ಗುಂಡಿಯನ್ನು ಮೇಲಕ್ಕೆ ತಳ್ಳುತ್ತದೆ. ಯೋಚನೆ ಮಾಡುವುದಿಲ್ಲ, ಕೈಯೇ ಮಾಡುತ್ತದೆ. ಅಂದೂ ತಳ್ಳಿತು. ಅವನ ಗಂಟಲು, ಅಲ್ಲ, ಗುಡ್ಡಮ್ಮನ ಗಂಟಲು, ಮಂಟಪದ ಎಂಟು ಸ್ಪೀಕರಿನಿಂದಲೂ ಬಂತು. ಹೆಂಗಸರು ಚಪ್ಪಾಳೆ ತಟ್ಟಿದರು. ನನಗೆ ಎಚ್ಚರವಾಯಿತು, ಕೈ ಗುಂಡಿಯ ಮೇಲೇ ಇತ್ತು, ಕೆಳಗೆ ಎಳೆಯಬಹುದಿತ್ತು. ಹಾಡಿನ ನಡುವೆ ಮೈಕ್ ನಿಲ್ಲಿಸಿದರೆ ನನ್ನ ಅಂಗಡಿಯ ಮಾನ ಹೋಗುತ್ತದೆ ಅನ್ನಿಸಿತು. ಎಳೆಯಲಿಲ್ಲ. ಸುರೇಂದ್ರನನ್ನು ಆಮೇಲೆ ಕಾಲರ್ ಹಿಡಿದು ಕೇಳಿದಾಗ, "ಶ್ರುತಿ ತಪ್ತಾ ಇತ್ತಲ್ಲೋ, ಹೆಂಗೆ ಕೇಳ್ಕಂಡು ನಿಂತ್ಕಳ್ಳಿ" ಎಂದ. ಅವನು ಹೇಳಿದ್ದು ನಿಜ. ಅದೇ ನನಗೆ ಅಸಹ್ಯ ಹುಟ್ಟಿಸಿತು.

ಕೊನೆಯ ಸಾಲು ಬಂತು. ತಿರುಗಿ ನೋಡೆ ಒಮ್ಮೆ.

"ಮೇಡಂ, ಈಗ ತಿರುಗ್ರಿ, ನಿಧಾನ," ಎಂದ ವಿಡಿಯೋದವನು.

ಗುಡ್ಡಮ್ಮ ಚೌಕಟ್ಟು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದರು. "ನೋಡಬ್ಯಾಡ," ಎಂದರು. ಧ್ವನಿ ಏಳಲಿಲ್ಲ. ಮತ್ತೆ, ಸ್ವಲ್ಪ ಜೋರಾಗಿ, ಹಾಡಿನ ಧಾಟಿಯಲ್ಲೇ ಎಂದರು: "ತಿರುಗಿ ನೋಡಬ್ಯಾಡ."

ಪಕ್ಕದಲ್ಲಿ ಗಂಡಿನ ಕಡೆಯ ಒಬ್ಬ ಹೆಂಗಸು ಇದ್ದರು, ಹೈಸ್ಕೂಲ್ ಟೀಚರ್ ಎಂದು ಬೆಳಿಗ್ಗೆ ಪರಿಚಯವಾಗಿತ್ತು. ಒಳ್ಳೆಯವರು. ಮಕ್ಕಳಿಗೆ ಆ ಹಾಡು ಕಲಿಸಿ ಸ್ಪರ್ಧೆಗೆ ಕರೆದುಕೊಂಡು ಹೋಗುತ್ತಾರೆ. ಅವರು ಗುಡ್ಡಮ್ಮನ ಹೆಗಲ ಮೇಲೆ ಕೈಯಿಟ್ಟು ಪ್ರೀತಿಯಿಂದ ಹೇಳಿದರು.

"ಅಜ್ಜಿ, ಹಾಡು ಹಂಗಿಲ್ರಿ. ತಿರುಗಿ ನೋಡೆ ಒಮ್ಮೆ ಅಂತ ಐತಿ."

ಗುಡ್ಡಮ್ಮ ಅವರ ಮುಖ ನೋಡಿದರು. ಆಮೇಲೆ ಮೈಕ್ ಹಿಡಿದು ನಿಂತಿದ್ದ ಸುರೇಂದ್ರನನ್ನು ನೋಡಿದರು, ನನ್ನನ್ನು ನೋಡಿದರು. ಹಾಡು ಮುಗಿದಿತ್ತು, ಮೈಕು ಇನ್ನೂ ಜೀವಂತ ಇತ್ತು. ನಮ್ಮಿಬ್ಬರಲ್ಲಿ ಒಬ್ಬ, ಅಜ್ಜಿ ಹೇಳಿದ್ದೇ ಸರಿ ಎಂದಿದ್ದರೆ ಇಡೀ ಮಂಟಪಕ್ಕೆ ಕೇಳುತ್ತಿತ್ತು. ಸುರೇಂದ್ರ ತನ್ನ ಚಪ್ಪಲಿ ನೋಡಿಕೊಂಡ. ನಾನು ವೈರು ಸರಿಮಾಡುವವನ ಹಾಗೆ ಮೇಜಿನ ಕೆಳಗೆ ಬಗ್ಗಿದೆ.

"ಹೌದೇನವ್ವ," ಎಂದರು ಗುಡ್ಡಮ್ಮ. "ನಂಗೆ ಮರ್ತಿತ್ತು."

ಕ್ಯಾಮೆರಾದ ದೀಪ ಹತ್ತಿತು. ಸ್ಪಂದನ ತಿರುಗಿ ನೋಡಿದಳು.